ಸಾರಾಭಾಯಿ ಕಂಡ ಸಂಜೆಯ ಆಕಾಶ

ಬಡ ದೇಶವೊಂದು ಆಕಾಶದ ಅಧ್ಯಯನಕ್ಕೆ ಹಣ ವ್ಯಯಿಸುವುದು ಸರಿಯೇ? ಅರ್ಥಶಾಸ್ತ್ರದ ತರಗತಿಗಳಲ್ಲಿ ನಾವು ಬಿಸಿಬಿಸಿಯಾಗಿ ಚರ್ಚಿಸುತ್ತಿದ್ದ ಪ್ರಶ್ನೆಯಿದು. ವಿಕ್ರಮ್ ಸಾರಾಭಾಯಿ ಇದಕ್ಕೆ ತಮ್ಮ ಬದುಕಿನ ಮೂಲಕವೇ ಉತ್ತರಿಸಿದರು.

1919ರಲ್ಲಿ ಅಹಮದಾಬಾದಿನ ಸಿರಿವಂತ ಗಿರಣಿ ಮಾಲೀಕರ ಮನೆಯಲ್ಲಿ ಜನಿಸಿದ ಅವರು ಓದಿದ್ದು ಕೇಂಬ್ರಿಜ್‌ನಲ್ಲಿ. ಮಹಾಯುದ್ಧದ ಕಾರಣ ಸ್ವದೇಶಕ್ಕೆ ಮರಳಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಮಾರ್ಗದರ್ಶನದಲ್ಲಿ ವಿಶ್ವಕಿರಣಗಳ ಸಂಶೋಧನೆ ಕೈಗೊಂಡರು. 1947ರಲ್ಲಿ ಡಾಕ್ಟರೇಟ್ ಪಡೆದು, ಅದೇ ವರ್ಷ ಅಹಮದಾಬಾದಿನಲ್ಲಿ ಭೌತ ಸಂಶೋಧನಾ ಪ್ರಯೋಗಾಲಯ ಸ್ಥಾಪಿಸಿದರು. ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಅವರ ಶಿಷ್ಯರು.

ತಿರುವನಂತಪುರದ ಸಮೀಪದ ಮೀನುಗಾರರ ಹಳ್ಳಿ ತುಂಬಾವನ್ನು ಸಾರಾಭಾಯಿ ರಾಕೆಟ್ ಕೇಂದ್ರಕ್ಕೆ ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಭೂಕಾಂತೀಯ ಸಮಭಾಜಕ ರೇಖೆ ಅದರ ಬಳಿಯೇ ಹಾದುಹೋಗುತ್ತಿತ್ತು. ಆ ರೇಖೆಯ ಮೇಲೆ ಸುಮಾರು 100 ಕಿ.ಮೀ. ಎತ್ತರದಲ್ಲಿ ಹಗಲು ಪ್ರಬಲ ವಿದ್ಯುತ್ ಪ್ರವಾಹ ಹರಿಯುತ್ತದೆ. ಸಂಜೆಯ ವರ್ತನೆ ಇನ್ನೂ ವಿಚಿತ್ರ. ಸೂರ್ಯ ಮುಳುಗಿದೊಡನೆ ಅಯಾನುಗೋಳದ ಕೆಳಪದರ ಕ್ಷೀಣಿಸಿ, ಮೇಲ್ಪದರ ಮತ್ತಷ್ಟು ಎತ್ತರಕ್ಕೇರುತ್ತದೆ. ಎಣ್ಣೆಯ ಮೇಲೆ ನೀರು ನಿಲ್ಲಲಾರದು. ಹಾಗೆಯೇ ದಟ್ಟ ಪ್ಲಾಸ್ಮಾದ ತಳದಿಂದ ವಿರಳ ಪ್ಲಾಸ್ಮಾ ಗುಳ್ಳೆಗಳಾಗಿ ಮೇಲೇಳುತ್ತದೆ. ಈ ಗುಳ್ಳೆಗಳು ಕಾಂತರೇಖೆಗಳುದ್ದಕ್ಕೂ ಚಾಚಿಕೊಂಡು ಕರ್ನಾಟಕದ ಆಕಾಶವನ್ನೂ ತಲುಪುತ್ತವೆ. ಅವುಗಳನ್ನು ಹಾಯ್ದು ಬರುವ ಉಪಗ್ರಹ ಸಂಕೇತ ನಕ್ಷತ್ರದಂತೆ ಮಿನುಗುತ್ತದೆ. ಕೆಲವೊಮ್ಮೆ ಕಡಿದೇ ಹೋಗುತ್ತದೆ.

1963ರ ನವೆಂಬರ್ 21ರ ಸಂಜೆ ತುಂಬಾದಿಂದ ಮೊದಲ ರಾಕೆಟ್ ಹಾರಿತು. ಅಮೆರಿಕದ ಆ ರಾಕೆಟ್ ಚೆಲ್ಲಿದ ಸೋಡಿಯಂ ಆವಿ ಮುಸ್ಸಂಜೆಯ ಬಾನಿನಲ್ಲಿ ಹೊಳೆಯಿತು. ಕೇಂದ್ರಕ್ಕಾಗಿ ಮೀನುಗಾರರು ಮನೆಗಳನ್ನೂ ಇಗರ್ಜಿಯನ್ನೂ ಬಿಟ್ಟುಕೊಟ್ಟಿದ್ದರು. ಭೂಸ್ವಾಧೀನದ ಕಡತಗಳನ್ನು ಕಂಡ ನಾನು ಈ ವೆಚ್ಚವನ್ನು ಲೆಕ್ಕದಿಂದ ಹೊರಗಿಡಲಾರೆ.

ಉಪಗ್ರಹದ ಮೂಲಕ ಹಳ್ಳಿಗೆ ಶಿಕ್ಷಣ ಮುಟ್ಟಿಸುವುದು ಸಾರಾಭಾಯಿಯವರ ಹಂಬಲವಾಗಿತ್ತು. 1969ರಲ್ಲಿ ಅಮೆರಿಕದೊಡನೆ ಅದಕ್ಕಾಗಿ ಒಪ್ಪಂದವಾಯಿತು. 1971ರ ಡಿಸೆಂಬರ್ 30ರಂದು, 52ನೆಯ ವಯಸ್ಸಿನಲ್ಲಿ, ಅವರು ಕೋವಳಂನಲ್ಲಿ ನಿಧನರಾದರು. ಆ ಪ್ರಯೋಗ 1975ರಲ್ಲಿ ನಡೆದಾಗ ಕರ್ನಾಟಕದ ಹಳ್ಳಿಗಳೂ ಅದರಲ್ಲಿ ಸೇರಿದ್ದವು. 1982ರಲ್ಲಿ ಇನ್ಸಾಟ್ ಉಪಗ್ರಹಗಳಿಗಾಗಿ ಹಾಸನದಲ್ಲಿ ಪ್ರಧಾನ ನಿಯಂತ್ರಣ ಕೇಂದ್ರ ತಲೆಯೆತ್ತಿತು. ಮೊದಲ ಇನ್ಸಾಟ್ ಅದೇ ವರ್ಷ ವಿಫಲವಾಯಿತು. 1983ರಲ್ಲಿ ಎರಡನೆಯದು ಯಶಸ್ವಿಯಾಯಿತು.

ಸೇವೆಯಲ್ಲಿದ್ದಾಗ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ರೈತರು ಮುಂಗಾರಿಗಾಗಿ ಮುಗಿಲು ನೋಡುವುದನ್ನು ಕಂಡಿದ್ದೇನೆ. ಹಾಸನದಿಂದ ನಿಯಂತ್ರಿತವಾದ ಉಪಗ್ರಹಗಳ ಮೋಡದ ಚಿತ್ರಗಳು ಮಳೆಯ ಮುನ್ಸೂಚನೆಗೆ ಆಧಾರವಾದವು. ಬಾನುಲಿ, ದೂರದರ್ಶನಗಳ ಮೂಲಕ ಆ ಮುನ್ಸೂಚನೆ ಇದೇ ರೈತರನ್ನೂ ಮುಟ್ಟಿತು. ಮುಂದೆ ವಿಮಾನಗಳಿಗೆ ದಾರಿ ತೋರುವ 'ಗಗನ್' ವ್ಯವಸ್ಥೆಯನ್ನು ರೂಪಿಸುವಾಗ ಅಯಾನುಗೋಳದ ಏರುಪೇರುಗಳನ್ನು ಅಳೆಯದೆ ಗತ್ಯಂತರವಿರಲಿಲ್ಲ. ಕುತೂಹಲಕ್ಕೆಂದು ಕಲಿತ ವಿದ್ಯೆ ದಶಕಗಳ ನಂತರ ಪ್ರಯಾಣಿಕರ ಸುರಕ್ಷತೆಗೆ ಒದಗಿತು.

ಇಂಥ ಲಾಭ ಯಾವ ಪಂಚವಾರ್ಷಿಕ ಯೋಜನೆಯ ಅಂಕಣದಲ್ಲೂ ಕೂರುವುದಿಲ್ಲ. ಮೂಲವಿಜ್ಞಾನದ ಅನುದಾನಕ್ಕೆ ಕತ್ತರಿ ಹಾಕಲು ಹೊರಡುವವರು, ಮೊದಲು ಸಾರಾಭಾಯಿಯವರ ಲೆಕ್ಕದ ಅವಧಿ ಎಷ್ಟು ದೀರ್ಘವಾಗಿತ್ತೆಂದು ಗಮನಿಸಲಿ.