ಐವತ್ತು ರೂಪಾಯಿಯ ಪಾಲು

ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ಕಾಲ. ತುರ್ತಿಗೆ ಹಣ ಬೇಕಾದ ರೈತನಿಗೂ ಸಣ್ಣ ವ್ಯಾಪಾರಿಗೂ ಸಾಹುಕಾರನ ಜಗಲಿಯೇ ಗತಿ. ಬಡ್ಡಿ ಅವನು ಹೇಳಿದಷ್ಟು. ನಾಲ್ಕು ಕಾಸು ಉಳಿಸಿದವರು ಚಿನ್ನ ಮಾಡಿಸಿ ಪೆಟ್ಟಿಗೆಯಲ್ಲಿಡುತ್ತಿದ್ದರು. ಇಂಥ ಹಣವನ್ನು ಒಟ್ಟುಗೂಡಿಸಲು ಹೊರಟವರು ಅಮ್ಮೆಂಬಳ ಸುಬ್ಬರಾವ್ ಪೈಗಳು.

1852ರಲ್ಲಿ ಮೂಲ್ಕಿಯಲ್ಲಿ ಹುಟ್ಟಿದ ಪೈಗಳು ಮದರಾಸಿನಲ್ಲಿ ಕಾನೂನು ಕಲಿತು ಮಂಗಳೂರಿನಲ್ಲಿ ವಕೀಲರಾದರು. ಕಕ್ಷಿದಾರರು ಕೋರ್ಟಿನ ಮೆಟ್ಟಲು ಹತ್ತುವ ಮೊದಲೇ ಅವರಲ್ಲಿ ರಾಜಿ ಮಾಡಿಸಲು ನೋಡುವ ಸ್ವಭಾವ. ವಕೀಲರಲ್ಲಿ ಇದು ಅಪರೂಪವೇ ಸರಿ. 1891ರಲ್ಲಿ ಕೆನರಾ ಹೈಸ್ಕೂಲನ್ನೂ 1894ರಲ್ಲಿ ಹುಡುಗಿಯರ ಶಾಲೆಯನ್ನೂ ಆರಂಭಿಸಿದರು.

1906ರ ಜುಲೈ 1ರಂದು ಅವರು ಕೆನರಾ ಹಿಂದೂ ಪರ್ಮನೆಂಟ್ ಫಂಡನ್ನು ಸ್ಥಾಪಿಸಿದರು. ತಲಾ 50 ರೂಪಾಯಿಯ 2,000 ಪಾಲುಗಳು. ಪಾಲುದಾರರ ಹಣ ಕೂಡಿಸಿ, ಅಗತ್ಯವಿದ್ದವರಿಗೆ ಮಿತವಾದ ಬಡ್ಡಿಗೆ ಸಾಲ ಕೊಡುವ ಏರ್ಪಾಡು. ಆ ಕಾಲಕ್ಕೆ 50 ರೂಪಾಯಿ ಸಣ್ಣ ಮೊತ್ತವಲ್ಲ. ಪಾಲು ಕೊಳ್ಳುವವರಿಗಿದ್ದ ದೊಡ್ಡ ಭರವಸೆಯೆಂದರೆ ಪೈಗಳ ಹೆಸರು.

ಫಂಡಿಗೆ ನಾಲ್ಕು ತಿಂಗಳು ತುಂಬುವ ಮೊದಲೇ, ಅಕ್ಟೋಬರ್‌ನಲ್ಲಿ, ಮದರಾಸಿನ ಹೆಸರಾಂತ ಆರ್ಬತ್‌ನಾಟ್ ಕಂಪೆನಿ ದಿವಾಳಿಯೆದ್ದಿತು. ಸಾವಿರಾರು ಠೇವಣಿದಾರರು ಕೈ ಸುಟ್ಟುಕೊಂಡರು. ದೊರೆಗಳ ಕಂಪೆನಿಯೇ ಮುಳುಗಿತೆಂದ ಮೇಲೆ ಮಂಗಳೂರಿನ ವಕೀಲರೊಬ್ಬರ ಫಂಡನ್ನು ನಂಬುವುದು ಹೇಗೆಂದು ಜನ ಅಳುಕಿದರೆ ತಪ್ಪೆನ್ನುವಂತಿರಲಿಲ್ಲ. ಆದರೂ ಫಂಡು ಉಳಿಯಿತು, ಬೆಳೆಯಿತು.

ಪೈಗಳು 1909ರ ಜುಲೈ ತಿಂಗಳಲ್ಲಿ ತೀರಿಕೊಂಡರು. ಮರುವರ್ಷ ಫಂಡು ಕೆನರಾ ಬ್ಯಾಂಕ್ ಲಿಮಿಟೆಡ್ ಎಂಬ ಹೆಸರು ಪಡೆಯಿತು. 1969ರಲ್ಲಿ ರಾಷ್ಟ್ರೀಕರಣಗೊಂಡ 14 ಬ್ಯಾಂಕುಗಳಲ್ಲಿ ಅದೂ ಒಂದು.