ಇಸಿಡಾರ್ ರಾಬಿ: ಎಂಆರ್‌ಐ ಯಂತ್ರದ ಹಿಂದಿನ ಮನುಷ್ಯ

ಪಂಪ್‌ವೆಲ್‌ನಿಂದ ಕಂಕನಾಡಿ ದಾಟಿ ಹಂಪನಕಟ್ಟೆಗೆ ಬರುವಷ್ಟರಲ್ಲಿ ಎಂಆರ್‌ಐ ಎಂಬ ಮೂರು ಅಕ್ಷರಗಳ ಬೋರ್ಡು ನಮ್ಮ ಕಣ್ಣಿಗೆ ಹಲವು ಸಲ ಬೀಳುತ್ತದೆ. ಕಾಸರಗೋಡು, ಕೊಡಗು, ಚಿಕ್ಕಮಗಳೂರಿನಿಂದಲೂ ಜನ ಈ ಪರೀಕ್ಷೆಗಾಗಿ ಮಂಗಳೂರಿಗೆ ಬರುತ್ತಾರೆ. ಆ ಯಂತ್ರದ ಮೂಲ ತತ್ವವನ್ನು ಕಂಡುಹಿಡಿದ ವಿಜ್ಞಾನಿಯ ಹೆಸರು ಮಾತ್ರ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಅವರೇ ಇಸಿಡಾರ್ ಐಸಾಕ್ ರಾಬಿ.

ರಾಬಿ ಹುಟ್ಟಿದ್ದು 1898ರ ಜುಲೈ 29ರಂದು, ಆಗ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯಕ್ಕೆ ಸೇರಿದ್ದ, ಈಗ ಪೋಲೆಂಡಿನಲ್ಲಿರುವ ರಿಮನೂವ್ ಎಂಬ ಸಣ್ಣ ಊರಿನಲ್ಲಿ. ಅವರದು ಬಡ ಯಹೂದಿ ಕುಟುಂಬ. ಮಗು ಇನ್ನೂ ತೊಟ್ಟಿಲಲ್ಲಿದ್ದಾಗಲೇ ಆ ಕುಟುಂಬ ಹೊಟ್ಟೆಪಾಡಿಗಾಗಿ ನ್ಯೂಯಾರ್ಕ್ ಸೇರಿತು. ತಂದೆ ಬಟ್ಟೆ ಹೊಲಿಯುವ ಕೆಲಸ ಮಾಡಿದರು, ರಾತ್ರಿ ಕಾವಲು ಕಾದರು, ಕೊನೆಗೆ ಒಂದು ದಿನಸಿ ಅಂಗಡಿ ಇಟ್ಟರು. ಮನೆಯಲ್ಲಿ ಧಾರ್ಮಿಕ ಶಿಸ್ತು ಬಿಗಿಯಾಗಿತ್ತು. ಮನೆಮಾತು ಯಿಡ್ಡಿಷ್, ಶಾಲೆಯಲ್ಲಿ ಇಂಗ್ಲಿಷ್. ಮನೆಯಲ್ಲಿ ಬ್ಯಾರಿಯೋ ತುಳುವೋ ಮಾತನಾಡಿ ತರಗತಿಯಲ್ಲಿ ಬೇರೆ ಭಾಷೆಯಲ್ಲಿ ಕಲಿಯುವ ನಮಗೆ ಇದು ಹೊಸತಲ್ಲ.

ಸಾರ್ವಜನಿಕ ಗ್ರಂಥಾಲಯವೇ ಆ ಹುಡುಗನ ಎರಡನೆಯ ಶಾಲೆಯಾಯಿತು. ಹದಿಮೂರನೆಯ ವಯಸ್ಸಿನಲ್ಲಿ ಯಹೂದಿ ಹುಡುಗರಿಗೆ ನಡೆಸುವ ಧಾರ್ಮಿಕ ಸಮಾರಂಭದಲ್ಲಿ ಆತ ಮಾತನಾಡಿದ್ದು ವಿದ್ಯುದ್ದೀಪ ಹೇಗೆ ಉರಿಯುತ್ತದೆ ಎಂಬ ವಿಷಯದ ಮೇಲೆ! ಬೇರೆ ತಾಯಂದಿರು ಮಕ್ಕಳು ಶಾಲೆಯಿಂದ ಬಂದಾಗ ಇವತ್ತು ಏನು ಕಲಿತೆ ಎಂದು ಕೇಳುತ್ತಿದ್ದರೆ, ತನ್ನ ತಾಯಿ ಇವತ್ತು ಒಂದು ಒಳ್ಳೆಯ ಪ್ರಶ್ನೆ ಕೇಳಿದೆಯಾ ಎಂದು ವಿಚಾರಿಸುತ್ತಿದ್ದರು, ಆ ಅಭ್ಯಾಸವೇ ತನ್ನನ್ನು ವಿಜ್ಞಾನಿಯನ್ನಾಗಿ ಮಾಡಿತು ಎಂದು ರಾಬಿ ಮುಂದೆ ನೆನೆಯುತ್ತಿದ್ದರು.

ದಾರಿ ಸುಲಭವಾಗಿರಲಿಲ್ಲ. 1919ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ರಸಾಯನಶಾಸ್ತ್ರದ ಪದವಿ ಪಡೆದ ಮೇಲೆ ಸುಮಾರು ಮೂರು ವರ್ಷ ಅವರಿಗೆ ಮನಸ್ಸಿಗೆ ಹಿಡಿಸುವ ಕೆಲಸ ಸಿಗಲಿಲ್ಲ. ಮತ್ತೆ ಓದಲು ಹೊರಟರು. ತನಗೆ ನಿಜವಾಗಿ ಇಷ್ಟವಾದದ್ದು ಭೌತಶಾಸ್ತ್ರ ಎಂದು ತಿಳಿದು ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. ಕಾಲೇಜೊಂದರಲ್ಲಿ ಪಾಠ ಮಾಡಿ ಖರ್ಚು ತೂಗಿಸಿಕೊಂಡರು. ಪಿಎಚ್.ಡಿ.ಗೆ ಆರಿಸಿಕೊಂಡದ್ದು ಹರಳುಗಳ ಕಾಂತೀಯ ಗುಣಗಳನ್ನು ಅಳೆಯುವ ಕೆಲಸ. ಆ ಕಾಲದ ವಿಧಾನದಲ್ಲಿ ಅದಕ್ಕೆ ಬಹಳ ದಿನ ಬೇಕಿತ್ತು. ರಾಬಿ ಹರಳನ್ನು ಒಂದು ದ್ರಾವಣದಲ್ಲಿ ಇಳಿಬಿಟ್ಟು, ದ್ರಾವಣದ ಕಾಂತೀಯ ಗುಣ ಹರಳಿನದಕ್ಕೆ ಸರಿಸಮವಾಗುವ ತನಕ ಅದರ ಸಾಂದ್ರತೆಯನ್ನು ಬದಲಿಸುತ್ತಾ ಹೋದರು. ಎರಡೂ ಸಮವಾದಾಗ ಅಯಸ್ಕಾಂತದ ನಡುವೆಯೂ ಹರಳು ಅಲುಗಾಡುವುದಿಲ್ಲ. ದ್ರಾವಣವನ್ನು ಅಳೆದರೆ ಹರಳನ್ನು ಅಳೆದಂತೆ. ಕೆಲವೇ ವಾರಗಳಲ್ಲಿ ಪ್ರಯೋಗ ಮುಗಿಯಿತು. 1927ರಲ್ಲಿ ಡಾಕ್ಟರೇಟ್ ಬಂತು.

ನಂತರ ಪತ್ನಿ ಹೆಲೆನ್ ಜೊತೆ ಯುರೋಪಿನಲ್ಲಿದ್ದ ಎರಡು ವರ್ಷಗಳಲ್ಲಿ ರಾಬಿ ಹ್ಯಾಂಬರ್ಗ್‌ನ ಒಟ್ಟೋ ಸ್ಟರ್ನ್ ಅವರ ಬಳಿ ಅಣುಗಳ ಕಿರಣವನ್ನು ಅಯಸ್ಕಾಂತದ ಮೂಲಕ ಹಾಯಿಸುವ ವಿದ್ಯೆ ಕಲಿತರು. ಯಹೂದಿಗಳಿಗೆ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಅಧ್ಯಾಪಕ ಹುದ್ದೆ ಸಿಗುವುದು ಕಷ್ಟವಿದ್ದ ಕಾಲದಲ್ಲಿ, 1929ರಲ್ಲಿ, ಕೊಲಂಬಿಯಾ ಅವರನ್ನು ಕರೆದುಕೊಂಡಿತು.

ಅಲ್ಲಿ ಅವರು ಹಿಡಿದ ಪ್ರಶ್ನೆ ಒಂದೇ: ಪರಮಾಣುವಿನ ಬೀಜವೂ ಒಂದು ಪುಟ್ಟ ಅಯಸ್ಕಾಂತದಂತೆ ವರ್ತಿಸುತ್ತದಲ್ಲ, ಅದರ ಬಲ ಎಷ್ಟು? 1937ರಲ್ಲಿ ಡಚ್ ವಿಜ್ಞಾನಿ ಗೋರ್ಟರ್ ಭೇಟಿಗೆ ಬಂದಾಗ ನಡೆದ ಚರ್ಚೆಯೂ ಅವರಿಗೆ ನೆರವಾಯಿತು. ಸ್ಥಿರವಾದ ಕಾಂತಕ್ಷೇತ್ರದಲ್ಲಿರುವ ಬೀಜಕ್ಕೆ ರೇಡಿಯೊ ತರಂಗ ತಾಗಿಸಿದರು. ಒಂದು ನಿರ್ದಿಷ್ಟ ಆವರ್ತನ ಬಂದಾಗ ಮಾತ್ರ ಬೀಜ ದಿಕ್ಕು ಬದಲಿಸಿತು. ಜೋಕಾಲಿಯನ್ನು ಅದರ ಲಯಕ್ಕೆ ಸರಿಯಾಗಿ ದೂಡಿದರೆ ಮಾತ್ರ ಅದು ಮೇಲೇರುವ ಹಾಗೆ. ಇದೇ ಅನುರಣನ. 1938ರಲ್ಲಿ ಫಲಿತಾಂಶ ಪ್ರಕಟವಾಯಿತು, 1944ರಲ್ಲಿ ನೊಬೆಲ್ ಬಂತು.

ಎರಡನೆಯ ಮಹಾಯುದ್ಧದಲ್ಲಿ ರಾಬಿ ರೇಡಾರ್ ಸಂಶೋಧನೆಯಲ್ಲಿ ದುಡಿದರು. 1945ರ ಜುಲೈ 16ರಂದು ಮೊದಲ ಅಣುಬಾಂಬ್ ಸಿಡಿದದ್ದನ್ನು ಕಣ್ಣಾರೆ ಕಂಡರು. 1949ರಲ್ಲಿ ಹೈಡ್ರೋಜನ್ ಬಾಂಬ್ ಮಾಡಬೇಕೆಂಬ ಮಾತು ಬಂದಾಗ ಫರ್ಮಿ ಜೊತೆ ಸೇರಿ ಅದು ಅನೈತಿಕ ಎಂದು ಬರೆದುಕೊಟ್ಟರು. ಯುರೋಪಿನ ದೇಶಗಳು ಒಟ್ಟಾಗಿ ಕಟ್ಟಿದ ಸರ್ನ್ ಪ್ರಯೋಗಾಲಯಕ್ಕೆ ಚಾಲನೆ ಕೊಟ್ಟವರಲ್ಲಿಯೂ ಅವರು ಮುಖ್ಯರು.

ಅವರ ಅನುರಣನ ಬೇರೆಯವರ ಕೈಯಲ್ಲಿ ಬೆಳೆಯಿತು. 1946ರಲ್ಲಿ ಬ್ಲಾಕ್ ಮತ್ತು ಪರ್ಸೆಲ್ ಅದನ್ನು ದ್ರವ ಮತ್ತು ಘನ ವಸ್ತುಗಳಲ್ಲಿ ತೋರಿಸಿದರು. ನಮ್ಮ ರಾಜ್ಯಕ್ಕೂ ಇದರಲ್ಲಿ ಪಾಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ 1951ರಲ್ಲಿಯೇ ಹರಿಯುವ ದ್ರವದಲ್ಲಿ ಈ ಅನುರಣನ ಹೇಗೆ ಬದಲಾಗುತ್ತದೆ ಎಂದು ಅಳೆದು ಪ್ರಕಟಿಸಿದರು. ರಕ್ತದ ಹರಿವನ್ನು ಎಂಆರ್‌ಐ ಮೂಲಕ ನೋಡುವ ವಿದ್ಯೆಯ ಬೇರು ಅಲ್ಲಿದೆ. 1973ರಲ್ಲಿ ಲಾಟರ್ಬರ್ ಅನುರಣನದಿಂದ ಚಿತ್ರ ತೆಗೆದರು. ನಮ್ಮ ದೇಹದ ಅರ್ಧಕ್ಕಿಂತ ಹೆಚ್ಚು ಪಾಲು ನೀರು, ನೀರಿನಲ್ಲಿ ಹೈಡ್ರೋಜನ್ ಇದೆ. 1.5 ಟೆಸ್ಲಾ ಯಂತ್ರದಲ್ಲಿ ಅದು ಸುಮಾರು 64 ಮೆಗಾಹರ್ಟ್ಸ್ ತರಂಗಕ್ಕೆ ಓಗೊಡುತ್ತದೆ. ನಮ್ಮ ಎಫ್‌ಎಂ ರೇಡಿಯೊಗಿಂತ ಸ್ವಲ್ಪ ಕೆಳಗೆ, ಅಷ್ಟೆ.

ಇದರಿಂದ ರೋಗಿಗೆ ಏನು ಪ್ರಯೋಜನ? ಪ್ರಾಸ್ಟೇಟ್ ಕ್ಯಾನ್ಸರನ್ನೇ ತೆಗೆದುಕೊಳ್ಳಿ. ಪ್ರಾಸ್ಟೇಟ್ ಗಂಡಸರ ಮೂತ್ರಕೋಶದ ಕೆಳಗಿರುವ, ಸಿಪ್ಪೆ ಸುಲಿಯದ ಅಡಿಕೆಯಷ್ಟು ದೊಡ್ಡ ಗ್ರಂಥಿ. ಕ್ಯಾನ್ಸರ್ ಗ್ರಂಥಿಯೊಳಗೇ ಇದೆಯೋ, ಹೊರಪದರ ದಾಟಿದೆಯೋ ಎಂಬುದರ ಮೇಲೆ ಚಿಕಿತ್ಸೆ ನಿಂತಿದೆ. ಗ್ರಂಥಿಗೆ ಅಂಟಿಕೊಂಡು ಸೂಕ್ಷ್ಮ ನರಗಳು ಹೋಗುತ್ತವೆ. ಕ್ಯಾನ್ಸರ್ ದಾಟಿಲ್ಲವಾದರೆ ಅವನ್ನು ಉಳಿಸಬಹುದು. ದಾಟಿದ್ದರೆ ಉಳಿಸಲು ಹೋಗಿ ರೋಗವನ್ನೂ ಉಳಿಸಿದಂತಾದೀತು. ಹಿಂದೆ ವೈದ್ಯರು ಬೆರಳಿನ ಪರೀಕ್ಷೆ, ಪಿಎಸ್‌ಎ ರಕ್ತಪರೀಕ್ಷೆ, ಬಯಾಪ್ಸಿ ಇವಿಷ್ಟರಿಂದ ಅಂದಾಜು ಮಾಡುತ್ತಿದ್ದರು. ಈಗ ಕತ್ತರಿ ಹಿಡಿಯುವ ಮೊದಲೇ ಎಂಆರ್‌ಐ ಚಿತ್ರ ನೋಡುತ್ತಾರೆ.

ಆದರೆ ಚಿತ್ರವೇ ಕೊನೆಯ ಮಾತಲ್ಲ. 75 ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಹೊರಪದರ ದಾಟಿದ 100 ಪ್ರಕರಣಗಳಲ್ಲಿ ಎಂಆರ್‌ಐ ಸುಮಾರು 57ನ್ನು ಮಾತ್ರ ಗುರುತಿಸಿತು. ದಾಟದ 100ರಲ್ಲಿ 91ನ್ನು ಸರಿಯಾಗಿ ಹೇಳಿತು. ಅಂದರೆ ಹರಡಿಲ್ಲ ಎಂದು ವರದಿ ಬಂದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ. ದೂರದ ಹರಡುವಿಕೆಯನ್ನು ಹುಡುಕಲು ಈಗ ಪಿಎಸ್‌ಎಂಎ ಪೆಟ್ ಎಂಬ ಸ್ಕ್ಯಾನ್ ಬಂದಿದೆ. ಆಸ್ಟ್ರೇಲಿಯಾದಲ್ಲಿ ಅಪಾಯ ಹೆಚ್ಚಿದ್ದ 302 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದರ ನಿಖರತೆ 92 ಶೇಕಡಾ, ಹಳೆಯ ಸಿಟಿ ಮತ್ತು ಮೂಳೆ ಸ್ಕ್ಯಾನಿನದು 65 ಶೇಕಡಾ.

ರಾಬಿಯವರಿಗೂ ಕೊನೆಗಾಲದಲ್ಲಿ ಕ್ಯಾನ್ಸರ್ ಬಂತು. ವೈದ್ಯರು ಅವರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿದರು. ಯಂತ್ರದ ಹೊಳೆಯುವ ಒಳಗೋಡೆಯಲ್ಲಿ ತನ್ನದೇ ಮುಖ ಕಂಡು, ತನ್ನ ಕೆಲಸ ಇಲ್ಲಿಗೆ ಬಂದು ಮುಟ್ಟೀತೆಂದು ಎಂದೂ ಎಣಿಸಿರಲಿಲ್ಲ ಎಂದು ಅವರು ಅಚ್ಚರಿಪಟ್ಟರು. 1988ರ ಜನವರಿ 11ರಂದು, 89ನೆಯ ವಯಸ್ಸಿನಲ್ಲಿ, ತೀರಿಕೊಂಡರು.

ಸಿಇಟಿ, ನೀಟ್ ಎಂದು ಉತ್ತರಗಳ ಹಿಂದೆಯೇ ಓಡುವ ನಮಗೆ ಈ ಜೀವನದಲ್ಲಿ ಒಂದು ಪಾಠವಿದೆ. ಯಾವ ಲಾಭವನ್ನೂ ಲೆಕ್ಕ ಹಾಕದೆ ಕೇಳಿದ ಒಂದು ಪ್ರಶ್ನೆ ಇಂದು ಆಪರೇಷನ್ ಥಿಯೇಟರಿನ ಹೊರಗೆ ಕಾಯುವ ಕುಟುಂಬಗಳಿಗೆ ಆಸರೆಯಾಗಿದೆ. ಇನ್ನೊಂದು ಮಾತು ಮನೆಗೆ ಸಂಬಂಧಿಸಿದ್ದು. ಮೂತ್ರದ ತೊಂದರೆಯನ್ನು ನಮ್ಮ ಹಿರಿಯರು ನಾಚಿಕೆಯಿಂದ ಮುಚ್ಚಿಡುತ್ತಾರೆ. ಅದು ಯಾವಾಗಲೂ ಕ್ಯಾನ್ಸರ್ ಆಗಿರುವುದಿಲ್ಲ, ವಯಸ್ಸಾದಂತೆ ಗ್ರಂಥಿ ಸುಮ್ಮನೆ ದಪ್ಪವಾಗುವುದೂ ಉಂಟು. ಯಾವುದೆಂದು ಹೇಳಬೇಕಾದವರು ವೈದ್ಯರು. ರಾಬಿಯ ಯಂತ್ರ ಎಷ್ಟೇ ಚೆನ್ನಾಗಿರಲಿ, ಅದರ ತನಕ ಅಜ್ಜನನ್ನು ಕರೆದುಕೊಂಡು ಹೋಗಲು ಮನೆಯಲ್ಲಿ ಯಾರಾದರೂ ಮೊದಲು ಕೇಳಬೇಕು.