ಬೀಗ ಇಲ್ಲದ ಅಲೆ: ಮಾರ್ಕೋನಿ ಕಲಿತ ಪಾಠ

ಮನೆ ವೈ-ಫೈಗೆ ಅಷ್ಟೆಲ್ಲ ಭದ್ರತೆ ಯಾಕೆ ಅಂತ ಕೇಳೋ ಗೆಳೆಯರಿಗೆ ನಾವು ಹೇಳೋದು ಗುಲ್ಯೆಲ್ಮೊ ಮಾರ್ಕೋನಿ ಅವರ ಕಥೆ.

ಅವರು ಹುಟ್ಟಿದ್ದು 1874ರಲ್ಲಿ, ಇಟಲಿಯ ಬೊಲೋನ್ಯಾದಲ್ಲಿ. ಮನೆಯ ಅಟ್ಟದಲ್ಲೇ ಪ್ರಯೋಗ ಶುರು ಮಾಡಿದರು. 1896ರಲ್ಲಿ ಇಂಗ್ಲೆಂಡಿನಲ್ಲಿ ನಿಸ್ತಂತು ಟೆಲಿಗ್ರಾಫಿನ ಪೇಟೆಂಟಿಗೆ ಅರ್ಜಿ ಹಾಕಿದಾಗ ವಯಸ್ಸು ಬರೀ 22. 1901ರಲ್ಲಿ ಅಟ್ಲಾಂಟಿಕ್ ಆಚೆಯಿಂದ ಸಂಕೇತ ಹಿಡಿದೆವೆಂದು ಘೋಷಿಸಿ ಲೋಕಪ್ರಸಿದ್ಧರಾದರು.

ಆದರೆ ಗಾಳಿಯಲ್ಲಿ ಹೋಗೋ ಸಂದೇಶವನ್ನು ಬೇರೆಯವರು ಕದ್ದು ಕೇಳಿದರೆ? ನಮ್ಮ ಟ್ಯೂನಿಂಗ್ ಇರುವಾಗ ಆ ಭಯ ಬೇಡ ಅನ್ನೋದು ಅವರ ವಾದ.

1903ರ ಜೂನ್‌ನಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಪ್ರಾತ್ಯಕ್ಷಿಕೆ. ವೇದಿಕೆ ಮೇಲೆ ಅವರ ಸಲಹೆಗಾರ ಫ್ಲೆಮಿಂಗ್. ಸಂದೇಶ ಕಳಿಸಬೇಕಾದ ಮಾರ್ಕೋನಿ ದೂರದ ಕಾರ್ನ್‌ವಾಲ್‌ನಲ್ಲಿ. ಅಷ್ಟರಲ್ಲೇ ಯಂತ್ರ ಟಕಟಕ ಅಂತ ಮಾರ್ಕೋನಿಯನ್ನು ಗೇಲಿ ಮಾಡುವ ಪದ್ಯ ಬಡಿಯತೊಡಗಿತು! ಹತ್ತಿರದಲ್ಲೇ ಪ್ರೇಷಕ ಇಟ್ಟುಕೊಂಡು ಕಳಿಸಿದ್ದವನು ನೆವಿಲ್ ಮ್ಯಾಸ್ಕಲಿನ್ ಎಂಬ ಜಾದೂಗಾರ. ಫ್ಲೆಮಿಂಗ್ ಪತ್ರಿಕೆಯಲ್ಲಿ ಸಿಟ್ಟು ಕಾರಿದರು. ಮ್ಯಾಸ್ಕಲಿನ್ ತಪ್ಪಿಸಿಕೊಳ್ಳಲಿಲ್ಲ, ದೋಷ ತೋರಿಸಲೆಂದೇ ಮಾಡಿದೆ ಎಂದು ಒಪ್ಪಿಕೊಂಡ.

ಆದರೂ ಮಾರ್ಕೋನಿ ನಿಲ್ಲಲಿಲ್ಲ. 1909ರಲ್ಲಿ ಬ್ರೌನ್ ಜೊತೆ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡರು. 1912ರಲ್ಲಿ ಟೈಟಾನಿಕ್ ಮುಳುಗುವಾಗ ನೆರವು ಕರೆದದ್ದೂ ಅವರ ಕಂಪನಿಯ ಯಂತ್ರವೇ. 1937ರಲ್ಲಿ ಅವರು ತೀರಿಕೊಂಡಾಗ ಬ್ರಿಟನ್ನಿನ ರೇಡಿಯೋ ಕೇಂದ್ರಗಳು ಎರಡು ನಿಮಿಷ ಮೌನವಾದವು.

ನಮಗೆ ಉಳಿದ ಪಾಠ ಇಷ್ಟೇ: ಅಲೆಗೆ ಗೋಡೆ ಇಲ್ಲ. ಚಾನೆಲ್ ಬದಲಿಸಿದರೂ ನೆಟ್‌ವರ್ಕ್ ಹೆಸರು ಮುಚ್ಚಿಟ್ಟರೂ ಅದು ಬೀಗ ಆಗಲ್ಲ. ಡಬ್ಲ್ಯೂಪಿಎ2 ಅಥವಾ ಡಬ್ಲ್ಯೂಪಿಎ3 ಗೂಢಲಿಪೀಕರಣ, ಉದ್ದನೆಯ ಪಾಸ್‌ವರ್ಡ್, ರೌಟರ್ ಜೊತೆ ಬಂದ ಅಡ್ಮಿನ್ ಪಾಸ್‌ವರ್ಡಿನ ಬದಲಾವಣೆ: ಬೀಗ ಅಂದ್ರೆ ಇವು. ಈ ಸಲ ಊರಿಗೆ ಹೋದಾಗ ನಾವೇ ಕೂತು ಹಾಕಿಬರೋಣ.